ಮನೆಯವರೇ ಗಾರೆ ಕಲಸಿದಾಗ

ಸ್ವಯಂಸೇವಕರನ್ನು ಸೇರಿಸಿಕೊಂಡು ಬಡ ಕುಟುಂಬಗಳಿಗೆ ಮನೆ ಕಟ್ಟುತ್ತೇವೆ ಅಂದಾಗ ಎಲ್ಲರೂ ಮೊದಲು ಕೇಳುವುದು, "ಕೂಲಿ ಎಷ್ಟು ಉಳಿಯುತ್ತೆ?" ಅಂತ. ಇಂಥ ಸೈಟುಗಳ ಮೇಲ್ವಿಚಾರಣೆಯಲ್ಲೇ ವರ್ಷಗಳನ್ನು ಕಳೆದಿದ್ದೇನೆ. ಕೂಲಿ ಉಳಿಯುತ್ತದೆ ಅನ್ನುವ ಒಂದೇ ಲೆಕ್ಕದಿಂದ ಯಾರೂ ಈ ಕೆಲಸಕ್ಕೆ ಇಳಿಯಬಾರದು. ಕರಣೆ ಹಿಡಿದು ಗೊತ್ತಿಲ್ಲದ ಹತ್ತು ಜನ ಬೆಳಿಗ್ಗೆ ಬಂದು ನಿಂತರೆ, ಅವರಿಗೆ ತೋರಿಸಿಕೊಡುವುದರಲ್ಲೇ ಮೇಸ್ತ್ರಿಯ ಅರ್ಧ ದಿನ ಹೋಗುತ್ತದೆ. ದುಡ್ಡು ಹೆಚ್ಚಾಗಿ ಉಳಿಯುವುದು ನಕ್ಷೆಯಲ್ಲಿ ಮತ್ತು ಸಾಲದ ಬಡ್ಡಿಯಲ್ಲಿ. ಬೆವರಿನಿಂದ ಬರುವ ಲಾಭವೇ ಬೇರೆ. ಅದು ಗೃಹಪ್ರವೇಶ ಮುಗಿದು ಕೆಲವು ಮಳೆಗಾಲ ಕಳೆದ ಮೇಲೆ ಗೊತ್ತಾಗುತ್ತದೆ.

ನಕ್ಷೆಯ ವಿಷಯಕ್ಕೆ ಬಂದರೆ, ನಾನು ಆಯತಾಕಾರ ಬಿಟ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ. ಒಂದೊಂದು ಮೂಲೆ ಹೆಚ್ಚಿದಂತೆಲ್ಲ ಪಾಯ, ಇಟ್ಟಿಗೆ, ಮೇಸ್ತ್ರಿಯ ಸಮಯ ಮೂರೂ ಹೆಚ್ಚುತ್ತವೆ. ಅಡುಗೆಮನೆ ಮತ್ತು ಬಚ್ಚಲು ಒಂದೇ ಗೋಡೆಯ ಆಚೀಚೆ ಬಂದರೆ ಪೈಪು ಮಿಗುತ್ತದೆ. ಗೋಡೆಗೆ, ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಊರೂರಿಗೆ ತಲುಪಿಸಿದ ರ‍್ಯಾಟ್ ಟ್ರ್ಯಾಪ್ ವಿಧಾನ ನನಗೆ ಬಹಳ ಇಷ್ಟ. ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲಿಗೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುತ್ತಾರೆ. ಸಾಮಾನ್ಯ ಒಂಬತ್ತಿಂಚಿನ ಗೋಡೆಗಿಂತ ಸುಮಾರು ಶೇ. 25ರಷ್ಟು ಇಟ್ಟಿಗೆ ಕಡಿಮೆ ಸಾಕು, ಒಳಗೆ ಸೆಕೆಯೂ ಕಡಿಮೆ. ಆದರೆ ಅದಕ್ಕೆ ಅಳತೆ ಒಂದೇ ಇರುವ, ಅಂಚು ಮುಕ್ಕಾಗದ ಇಟ್ಟಿಗೆ ಬೇಕು. ರಾಶಿಯಿಂದ ಅಂಥದ್ದನ್ನು ಆರಿಸಿಕೊಡುವುದು ಸ್ವಯಂಸೇವಕರಿಗೆ ಹೇಳಿ ಮಾಡಿಸಿದ ಕೆಲಸ.

ಇನ್ನು ಸಾಲ. 1976ರಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಅಮೆರಿಕದಲ್ಲಿ ಶುರುಮಾಡಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯ ಮೂಲ ಲೆಕ್ಕಾಚಾರ ಸರಳವಾಗಿತ್ತು. ಲಾಭವಿಲ್ಲದೆ ಮನೆ ಮಾರುವುದು, ಬಡ್ಡಿ ಹಾಕದಿರುವುದು, ಬಂದ ಕಂತಿನಿಂದ ಮತ್ತೊಬ್ಬರ ಮನೆ ಕಟ್ಟುವುದು. ಮನೆಯನ್ನು ಪುಕ್ಕಟೆ ಕೊಡಲಿಲ್ಲ ಅನ್ನುವುದು ಇಲ್ಲಿ ಮುಖ್ಯ. ಕಂತು ಕಟ್ಟಿ, ಮೈಮುರಿದು ದುಡಿದು ಪಡೆದ ಮನೆಯಲ್ಲಿ ಯಾರೂ ಯಾರ ಹಂಗಿನಲ್ಲೂ ಇರುವುದಿಲ್ಲ.

ಮನೆಗೆ ಬರುವವರನ್ನು ನಾನು ಪಾಯ ಗುರುತು ಹಾಕುವ ದಿನವೇ ಕರೆಯುತ್ತೇನೆ. ಅಂಥ ಒಂದು ಬೆಳಿಗ್ಗೆ ಒಂದು ಕುಟುಂಬದ ತಾಯಿಯ ಕೈಗೆ ದಾರದ ತುದಿ ಕೊಟ್ಟೆ. ಮೂಲೆಯ ಗೂಟದಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿಗೆ ಗುರುತು. ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದಡಿ ಬಂದರೆ ಮೂಲೆ ನೇರ. ಅವರು ಟೇಪು ಹಿಡಿದು ನೋಡಿ, "ಎರಡು ಬೆರಳು ಜಾಸ್ತಿ ಬರ್ತಿದೆ ಸಾರ್" ಅಂದರು. ಮೇಸ್ತ್ರಿ, "ಹಾಗಾದ್ರೆ ನೀವೇ ಗೂಟ ಸರಿಸಿ ಅಕ್ಕಾ" ಅಂದ. ಸರಿಸಿ, ಅಳೆದು, ಮತ್ತೆ ಸರಿಸಿದರು. ನಾಲ್ಕೂ ಮೂಲೆ ಕೂಡಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಕರ್ಣಗಳನ್ನು ಅಳೆದು ಎರಡೂ ಒಂದೇ ಬಂದದ್ದನ್ನು ತಾವೇ ನೋಡಿದರು. ಅಂದಿನಿಂದ ಯಾರು ಎಲ್ಲಿ ವಾರೆ ಕಟ್ಟಿದರೂ ಮೊದಲು ಅವರ ಕಣ್ಣಿಗೇ ಬೀಳುತ್ತಿತ್ತು.

ಗೋಡೆ ಏಳುವಾಗ ಮೂಲೆಗಳನ್ನು ಮೇಸ್ತ್ರಿಯೇ ತೂಗುಗುಂಡು ಹಿಡಿದು ಕಟ್ಟುತ್ತಾನೆ. ಒಂದು ಮೂಲೆಯಿಂದ ಇನ್ನೊಂದಕ್ಕೆ ದಾರ ಎಳೆದ ಮೇಲೆ ನಡುವಿನ ಇಟ್ಟಿಗೆ ಸಾಲು ಹೊಸಬರ ಪಾಲು. ಇಟ್ಟಿಗೆ ನೆನೆಹಾಕಿ ಗುಳ್ಳೆ ನಿಂತ ಮೇಲೆ ತೆಗೆಯುವುದು ಮಕ್ಕಳಿಗೂ ಗೊತ್ತಾಗುವ ಲೆಕ್ಕ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಟ್ಟರೆ ಜೋಡಣೆ ಹಿಡಿಯುವುದಿಲ್ಲ. ಜನ ಜಾಸ್ತಿ ಇದ್ದ ದಿನ ಗಾರೆಯನ್ನು ಒಮ್ಮೆಗೇ ರಾಶಿ ಕಲಸುವ ಉತ್ಸಾಹ ಬರುತ್ತದೆ. ನೀರು ಬಿದ್ದ ಅರ್ಧ ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ ಅನ್ನುತ್ತಲೇ ಇರಬೇಕು. ಸಂಜೆಯೊಳಗೆ ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟ ಮುಟ್ಟಿಸೋಣ ಅನ್ನುವವರೂ ಇರುತ್ತಾರೆ. ಒಂದು ದಿನಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚು ಏರಿಸಬಾರದು, ಹಸಿ ಗೋಡೆ ತನ್ನ ಭಾರಕ್ಕೇ ವಾಲುತ್ತದೆ. ಸೆಂಟ್ರಿಂಗ್ (ಕಾಂಕ್ರೀಟಿಗೆ ಅಚ್ಚು ಕಟ್ಟುವುದು), ಸೂರಿನ ಕಾಂಕ್ರೀಟು, ವೈರಿಂಗ್ ಇವುಗಳಿಗೆ ಸ್ವಯಂಸೇವಕರನ್ನು ಬಿಡುವುದೇ ಇಲ್ಲ. ಯಾರ ಒಳ್ಳೆಯ ಮನಸ್ಸೂ ಏಣಿಯಿಂದ ಬಿದ್ದರೆ ಕಾಪಾಡುವುದಿಲ್ಲ.

ಕುಟುಂಬಗಳಿಂದ ಎಷ್ಟು ದುಡಿಮೆ ಕೇಳಬೇಕು ಅನ್ನುವುದು ಇದರಲ್ಲೆಲ್ಲ ಕಷ್ಟದ ಪ್ರಶ್ನೆ. ಉರುಗ್ವೆಯಲ್ಲಿ 1968ರ ವಸತಿ ಕಾನೂನಿನ ಆಸರೆಯಲ್ಲಿ ಬೆಳೆದ ಪರಸ್ಪರ ಸಹಾಯದ ಸಹಕಾರ ಸಂಘಗಳಲ್ಲಿ ಪ್ರತಿ ಕುಟುಂಬ ವಾರಕ್ಕೆ 21 ಗಂಟೆ ಕೊಡುವ ಪದ್ಧತಿಯಿದೆ. ಕಟ್ಟಿ ಮುಗಿಯುವ ತನಕ ಯಾವ ಮನೆ ಯಾರದು ಅಂತ ಗೊತ್ತಿಲ್ಲದಿದ್ದರೆ ಎಲ್ಲ ಗೋಡೆಗೂ ಒಂದೇ ಶ್ರದ್ಧೆ ಸಿಗುತ್ತದೆ. ಅದಕ್ಕೇ ಚೀಟಿ ಎತ್ತುವುದನ್ನು ನಾನು ಕೊನೆಗೇ ಇಡುತ್ತೇನೆ. ಗಂಟೆಯ ಲೆಕ್ಕದಲ್ಲಿ ಮಾತ್ರ ಬಿಗಿ ಹಿಡಿಯುವುದಿಲ್ಲ. ದಿನಗೂಲಿಯವರು ನಮ್ಮ ಸೈಟಿಗೆ ಬಂದರೆ ಆ ದಿನದ ಸಂಬಳ ಹೋಯಿತು. ಚಿಕ್ಕಪ್ಪ ಬಂದು ಮಣ್ಣು ಹೊತ್ತರೂ, ಅತ್ತಿಗೆ ಬಂದು ನೀರು ಹಾಯಿಸಿದರೂ ಆ ಕುಟುಂಬದ ಖಾತೆಗೇ ಬರೆಯಬೇಕು. ಮೈ ಬಗ್ಗಿಸಲಾಗದವರು ಸಿಮೆಂಟು ಮೂಟೆಯ ಲೆಕ್ಕ ಬರೆಯಲಿ, ಹಾಜರಿ ಹಾಕಲಿ, ಅದೂ ದುಡಿಮೆಯೇ.

ಕ್ಯೂರಿಂಗ್, ಅಂದರೆ ಹೊಸ ಗೋಡೆಗೆ ನೀರುಣಿಸುವುದು, ಸಂಪೂರ್ಣ ಮನೆಯವರ ಪಾಲು. ಭಾನುವಾರ ಬಂದು ಫೋಟೊ ತೆಗೆಸಿಕೊಂಡು ಹೋಗುವವರಿಂದ ಆಗುವ ಕೆಲಸವಲ್ಲ ಅದು. ಕಡಿಮೆಯೆಂದರೂ 7 ದಿನ, ಬಿಸಿಲು ಜೋರಾಗಿದ್ದರೆ ಇನ್ನೂ ಹೆಚ್ಚು, ಗೋಡೆ ಒಣಗಲು ಬಿಡದೆ ನೀರು ಹಾಕಬೇಕು. ತಮ್ಮ ಮನೆಯಾಗಬಹುದು ಅನ್ನುವ ಆಸೆ ಇದ್ದವರು ಕತ್ತಲಾದ ಮೇಲೂ ಬಂದು ಗೋಡೆ ಮುಟ್ಟಿ ನೋಡುತ್ತಾರೆ.

ಪ್ಲಾಸ್ಟರಿಂಗಿಗೆ ಮುಂಚೆ ಪ್ರತಿ ಗೋಡೆಯ ಮುಂದೆ ಟೇಪು ಹಿಡಿದು, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಮನೆಯವರ ಕೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ದಾರ ಹಿಡಿದ ಆ ತಾಯಿಯ ಬಚ್ಚಲಲ್ಲಿ ಮುಂದೊಮ್ಮೆ ನೀರು ಜಿನುಗಿದಾಗ ಪ್ಲಂಬರ್ ಇಡೀ ಗೋಡೆ ಒಡೆಯಬೇಕು ಅಂದನಂತೆ. ಅವರು ನೋಟ್‌ಬುಕ್ ತೆಗೆದು, ನೆಲದಿಂದ ಇಷ್ಟಡಿ ಮೇಲೆ, ಬಾಗಿಲಿನಿಂದ ಇಷ್ಟಡಿ ದೂರ, ಇಲ್ಲಿ ಪೈಪು ತಿರುಗುವ ಎಲ್ಬೋ ಇದೆ, ಅಷ್ಟೇ ಒಡಿ ಅಂದರು. ಒಂದು ಇಟ್ಟಿಗೆಯ ಅಗಲದಲ್ಲಿ ರಿಪೇರಿ ಮುಗಿಯಿತು.

ಹೊಸದಾಗಿ ಶುರುಮಾಡುವವರು ನಿಧಿ ಕೂಡಿಸುವುದಕ್ಕೂ ಮುಂಚೆ ಕಲಿಸುವ ತಾಳ್ಮೆಯಿರುವ ಒಬ್ಬ ಮೇಸ್ತ್ರಿಯನ್ನು ಹುಡುಕಿ. ಸುತ್ತಲಿನವರೆಲ್ಲ ಪುಕ್ಕಟೆ ದುಡಿಯುತ್ತಿದ್ದರೂ ಮೇಸ್ತ್ರಿಗೆ ಪೂರ್ತಿ ಕೂಲಿ ಕೊಡಿ, ಕಲಿಸುವುದರಲ್ಲಿ ಹೋದ ಅರ್ಧ ದಿನಕ್ಕೂ ಸೇರಿಸಿ.