ಕೈಗೆ ಸಿಗುವ ಆನೆ: ನನ್ನ ಮೊದಲ ಕೌದಿ

ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಿದವಳು ನಾನು. ಸೋದರತ್ತೆಯ ಹಕ್ಕು ಅದು. ಆದರೆ ಆ ದಿನ ನನ್ನ ಕೈಯಲ್ಲಿ ಇದ್ದದ್ದು ಅಂಗಡಿಯಿಂದ ತಂದ, ಮುಟ್ಟಿದರೆ ಜಾರುವ ಪಾಲಿಯೆಸ್ಟರ್ ಹೊದಿಕೆ. ಓಣಿಯ ಕೊನೆಯ ಮನೆಯ ಅಜ್ಜಿ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಅತ್ತೆಯಾದವಳು ಒಂದು ಕೌದಿ ಹೊಲಿದು ಕೊಡಬಾರದಿತ್ತೇ ತಂಗಿ?" ಎಂದರು. ಬ್ಲೌಸಿಗೆ ಹುಕ್ ಹಚ್ಚುವುದು, ಬಿಚ್ಚಿದ ಪ್ಯಾಂಟಿನ ಮಡಿಕೆ ಹೊಲಿಯುವುದು, ಇಷ್ಟೇ ನನ್ನ ಸೂಜಿ ವಿದ್ಯೆ. ಆದರೂ ಯುಗಾದಿಗೆ ಕೊಡುತ್ತೇನೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ಧಾರವಾಡದಲ್ಲಿ ಯುಗಾದಿ ಎಂದರೆ ಚಳಿ ಹೋಗಿ ಫ್ಯಾನು ತಿರುಗುವ ಕಾಲ. ಬಿಸಿಲಿಗೆ ಕೌದಿ ಯಾಕೆ ಎಂದು ಅವ್ವ ನಕ್ಕಳು. ಕೌದಿಯ ಗುಣವೇ ಅದಲ್ಲವೇ: ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಕಿದ್ದರೆ ಬೆವರು ಹೀರುತ್ತದೆ, ಮೈಗೆ ತಂಪು. ಹತ್ತಿ ತುಂಬಿದ ರಜಾಯಿಯ ಮಾತು ಬೇರೆ. ನಾನು ಒಳಗೆ ಹಾಕಿದ್ದು ಅವ್ವನ ಎರಡು ಹಳೆಯ ಮಲ್ (ತೆಳು ಹತ್ತಿ ಬಟ್ಟೆ) ಸೀರೆಗಳ ಪದರ ಮಾತ್ರ, ಕೆಳಗೆ ಮಾಸಿದ ಹಳದಿ ಕಾಟನ್ ಸೀರೆಯ ಅಸ್ತರ. ಹತ್ತು ವರ್ಷ ಒಗೆಸಿಕೊಂಡ ಸೀರೆ ಇನ್ನು ಕುಗ್ಗುವುದಿಲ್ಲ, ಬಣ್ಣವನ್ನೂ ಬಿಡುವುದಿಲ್ಲ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ.

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ಕಂಡದ್ದನ್ನೇ ತೆಗೆದುಕೊಂಡೆ. ಮಾವಿನ ಚಿಗುರಿನ ತಾಮ್ರ, ಹೊಂಗೆಯ ಎಳೆ ಹಸಿರು, ಬೇವಿನ ಹೂವಿನ ಮಾಸಲು ಬಿಳಿ.

ತಲೆ ಕೆಡಿಸಿದ್ದು ಪ್ರಾಣಿಗಳು. ಕೂಸಿಗೆ ನೋಡುವುದಕ್ಕೆ ಮಾತ್ರವಲ್ಲ, ಮುಟ್ಟುವುದಕ್ಕೂ ಏನಾದರೂ ಇರಲಿ ಅನಿಸಿತು. ಹಾಗಾಗಿ ಒಂದೊಂದು ಪ್ರಾಣಿಯ ಚರ್ಮಕ್ಕೆ ಒಂದೊಂದು ಬಟ್ಟೆ ಎಂದುಕೊಂಡೆ. ಆನೆಗೆ ಅಪ್ಪನ ಬೂದು ಕಾರ್ಡುರಾಯ್ ಪ್ಯಾಂಟು, ಅದರ ಗೆರೆಗಳೇ ಆನೆಯ ಸುಕ್ಕು. ಕರುವಿಗೆ ಕಂದು ಟರ್ಕಿ ಟವೆಲು. ಗಿಳಿಗೆ ಗುಳೇದಗುಡ್ಡದ ಹಸಿರು ಖಣ, ಅಂದರೆ ರವಿಕೆಯ ಬಟ್ಟೆ. ಆಮೆಯ ಚಿಪ್ಪಿಗೆ ಇಳಕಲ್ ಸೀರೆಯ ಚೌಕಡಿ ಒಡಲು. ಅಳಿಲಿಗೆ ಉಣ್ಣೆಯ ಶಾಲು, ಬೆನ್ನಿನ ಮೇಲೆ ದಾರದ ಮೂರು ಗೆರೆ. ಮೊಲಕ್ಕೆ ಬಿಳಿ ಫ್ಲಾನೆಲ್. ನವಿಲು ಹಾಕು ಎಂದು ಮನೆಮಂದಿಯೆಲ್ಲ ಹೇಳಿದರು. ಗರಿ ಹೊಲಿಯುವಷ್ಟರಲ್ಲಿ ಕೂಸು ಶಾಲೆಗೆ ಹೋಗುತ್ತದೆ ಎಂದು ಕೈಬಿಟ್ಟೆ.

ಅಳತೆ ಸರಳ. ಒಂಬತ್ತೂವರೆ ಇಂಚಿನ ಹನ್ನೆರಡು ಚೌಕ ಕತ್ತರಿಸಿದೆ. ಸುತ್ತಲೂ ಕಾಲು ಇಂಚು ಹೊಲಿಗೆಗೆ ಹೋದರೆ ಉಳಿಯುವುದು ಒಂಬತ್ತು. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು ಜೋಡಿಸಿದರೆ 27 ಇಂಚು, 36 ಇಂಚು. ಸುತ್ತ ಮೂರು ಇಂಚಿನ ಅಂಚು ಸೇರಿ 33 ಮತ್ತು 42. ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದರಲ್ಲಿ ಪ್ರಾಣಿ, ಉಳಿದ ಆರರಲ್ಲಿ ಬರೀ ಖಾದಿ, ಖಣ, ಮಲ್. ಪ್ರಾಣಿಗಳ ರೂಪವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕತ್ತರಿಸಿಕೊಂಡೆ. ಚೂಪು ಮೂಲೆಗಳಿಲ್ಲದೆ, ಎಲ್ಲವೂ ದುಂಡುದುಂಡಗೆ. ಕಾಲಿನ ಸಂದು, ಬಾಲದ ತುದಿ ಇವೇ ಹೊಸಬರ ಕೈ ಕಟ್ಟುವ ಜಾಗಗಳು. ನನ್ನ ಆನೆಗೆ ಎರಡೇ ಕಾಲು, ಕರು ಕೂತುಕೊಂಡಿದೆ.

ಮೊದಲ ಸಾಲು ಜೋಡಿಸಿದ ದಿನವೇ ಪಾಠವಾಯಿತು. ಟವೆಲಿನ ಕರು ಹಚ್ಚಿದ ಚೌಕ ಭಾರಕ್ಕೆ ಜೋತುಬಿತ್ತು, ಪಕ್ಕದ ಮಲ್ ಚೌಕ ಎಳೆತಕ್ಕೆ ಸಿಕ್ಕಿ ಸೊಟ್ಟಗಾಯಿತು. ಮಷಿನ್ನಿನಲ್ಲಿ ಎರಡನ್ನೂ ಕೂಡಿಸಿದರೆ ಕೊನೆಯಲ್ಲಿ ಅರ್ಧ ಇಂಚು ಬಟ್ಟೆ ಹೆಚ್ಚಾಗಿ ಉಳಿಯಿತು. ಅಳತೆ ತಪ್ಪಿತೇ ಎಂದು ಟೇಪು ಹಿಡಿದು ಮೂರು ಸಲ ನೋಡಿದೆ. ಅಳತೆ ಸರಿಯೇ ಇತ್ತು, ತೂಕ ತಪ್ಪಿತ್ತು. ಒರಟು ಬಟ್ಟೆ, ನಯವಾದ ಬಟ್ಟೆ ಬೆರೆಸಿ ಹೊಲಿಯುವವರು ಬಣ್ಣ ಹೊಂದಿಸುವ ಮೊದಲು ತೂಕ ಹೊಂದಿಸಬೇಕು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಒಂದು ಭಾನುವಾರ ಉಳಿಯುತ್ತಿತ್ತು.

ಎಲ್ಲವನ್ನೂ ಬಿಚ್ಚಿದೆ. ಅಪ್ಪನ ಹಳೆಯ ಪಂಚೆಯಿಂದ ಅದೇ ಅಳತೆಯ ಚೌಕಗಳನ್ನು ಕತ್ತರಿಸಿ, ತೆಳುವಾದ ಪ್ರತಿ ಚೌಕದ ಹಿಂದೆಯೂ ಒಂದೊಂದನ್ನು ಇಟ್ಟು ಅಂಚಿನಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಈಗ ಮಲ್ ಕೂಡ ಖಾದಿಯಷ್ಟೇ ಗಟ್ಟಿ. ದಪ್ಪ ಪ್ರಾಣಿಗಳ ಹಿಂದೆ ಬಚ್ಚಿಟ್ಟುಕೊಂಡ ಬಟ್ಟೆಯನ್ನು, ಹೊಲಿಗೆಯಿಂದ ಕಾಲು ಇಂಚು ಬಿಟ್ಟು, ಒಳಗಿನಿಂದ ಕತ್ತರಿಸಿ ತೆಗೆದೆ. ಕರು ಹಗುರಾಯಿತು. ಇನ್ನೊಂದು ಸಂಗತಿ: ಮಷಿನ್ನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಹೆಚ್ಚು ಎಳೆದುಕೊಳ್ಳುತ್ತವೆ. ಆದ್ದರಿಂದ ಹಿಗ್ಗುವ ಬಟ್ಟೆ ಕೆಳಗೆ, ಬಿಗಿಯಾದದ್ದು ಮೇಲೆ, ಒಂದು ಇಂಚಿಗೊಂದು ಪಿನ್ನು. ಇಷ್ಟು ಮಾಡಿದ ಮೇಲೆ ಅರ್ಧ ಇಂಚಿನ ಜಗಳ ಮುಗಿಯಿತು.

ಪ್ರಾಣಿಗಳನ್ನು ಹಚ್ಚುವುದಕ್ಕೂ ಒಂದೇ ದಾರಿ ಇಲ್ಲ, ಬಟ್ಟೆ ಹೇಳಿದಂತೆ ಕೇಳಬೇಕು. ಖಣವನ್ನು ಕತ್ತರಿಸಿದ್ದೇ ತಡ, ಅಂಚಿನ ಎಳೆಗಳು ಬಿಚ್ಚಿಕೊಂಡು ಗಿಳಿಗೆ ಗಡ್ಡ ಬಂತು. ಮೊದಲ ಗಿಳಿ ಹಾಳಾಯಿತು. ಎರಡನೆಯದಕ್ಕೆ ಹೀಗೆ ಮಾಡಿದೆ: ಖಣದ ಮುಖದ ಮೇಲೆ ಮಲ್ ತುಂಡನ್ನಿಟ್ಟು, ಕತ್ತರಿಸುವ ಮೊದಲೇ ಪೆನ್ಸಿಲ್ ಗೆರೆಯ ಮೇಲೆ ಸುತ್ತಲೂ ಸಣ್ಣ ಹೊಲಿಗೆ ಹಾಕಿದೆ. ಆಮೇಲೆ ಹೊಲಿಗೆಯ ಹೊರಗೆ ಕಾಲು ಇಂಚು ಬಿಟ್ಟು ಕತ್ತರಿಸಿ, ಕೊಕ್ಕಿನ ಬಾಗಿನಲ್ಲಿ ಹೊಲಿಗೆಗೆ ತಾಗದಂತೆ ಸಣ್ಣ ಸಣ್ಣ ಕಚ್ಚು ಕೊಟ್ಟೆ. ಮಲ್‌ನ ನಡುವೆ ಒಂದು ಸೀಳು ಮಾಡಿ, ದಿಂಬಿನ ಗೌಸನ್ನು ತಿರುವಿದ ಹಾಗೆ ಗಿಳಿಯನ್ನು ಒಳಗಿನಿಂದ ಹೊರಗೆ ತಿರುವಿದೆ. ಕೊಕ್ಕನ್ನು ಹೊರಗೆ ತಳ್ಳಲು ಊದುಬತ್ತಿಯ ಕಡ್ಡಿ ಸಾಕಾಯಿತು. ಅಂಚುಗಳೆಲ್ಲ ಒಳಗೆ ಹೋದವು, ಮಡಿಸಿ ಮಡಿಸಿ ಪಿನ್ನು ಚುಚ್ಚುವ ಕೆಲಸವೇ ಇಲ್ಲ. ಇಸ್ತ್ರಿ ಮಾಡಿ ಚೌಕದ ಮೇಲಿಟ್ಟು ಅಂಚಿಗೆ ಹೊಲಿದರೆ ಮುಗಿಯಿತು. ಮೊಲ, ಆಮೆ ಕೂಡ ಹೀಗೆಯೇ ಆದವು.

ಕಾರ್ಡುರಾಯ್ ಇದಕ್ಕೆ ಒಪ್ಪುವುದಿಲ್ಲ. ತಿರುವಿದರೆ ಸೊಂಡಿಲು ಸೌತೆಕಾಯಿಯಂತೆ ಉಬ್ಬುತ್ತದೆ. ಅದನ್ನು ಗೆರೆಗೆ ಸರಿಯಾಗಿ ಕತ್ತರಿಸಿ, ಮಡಿಸದೆ, ಸುತ್ತಲೂ ಒತ್ತೊತ್ತಾಗಿ ಕಾಜಾ ಹೊಲಿಗೆ ಹಾಕಿದೆ. ಕಾರ್ಡುರಾಯ್‌ಗೆ ರೋಮದ ದಿಕ್ಕು ಇರುತ್ತದೆ, ಕೈ ಸವರಿದರೆ ಒಂದು ಕಡೆ ನಯ, ಇನ್ನೊಂದು ಕಡೆ ತಡೆ. ಮೈಯನ್ನು ಒಂದು ದಿಕ್ಕಿಗೆ, ಕಿವಿಯನ್ನು ಅಡ್ಡ ದಿಕ್ಕಿಗೆ ಕತ್ತರಿಸಿದರೆ ಒಂದೇ ಬಟ್ಟೆಯಲ್ಲಿ ಎರಡು ಬೂದು ಬಣ್ಣ ಕಾಣಿಸುತ್ತದೆ. ಕಿವಿಯನ್ನು ಹಿಂದೆ ಖಣದ ಅಸ್ತರ ಕೊಟ್ಟು ಬೇರೆಯಾಗಿ ಹೊಲಿದು, ಮೇಲಿನ ಅಂಚನ್ನು ಮಾತ್ರ ತಲೆಗೆ ಹಚ್ಚಿದೆ. ಎತ್ತಿದರೆ ಕೆಳಗೆ ಕೆಂಪು ಖಣ. ಇಡೀ ಕೌದಿಯಲ್ಲಿ ನನಗೆ ಹೆಮ್ಮೆ ಇರುವುದು ಈ ಕಿವಿಯ ಬಗ್ಗೆ ಮಾತ್ರ.

ಕಣ್ಣಿಗೆ ಗುಂಡಿ ಹಚ್ಚಲಿಲ್ಲ, ಮಣಿಯನ್ನೂ ಹಚ್ಚಲಿಲ್ಲ. ಕೂಸಿನ ಬಾಯಿಗೆ ಹೋಗುವ ವಸ್ತು ಯಾವುದೂ ಬೇಡ. ಕಪ್ಪು ದಾರದಲ್ಲೇ ಕಣ್ಣು ತುಂಬಿದೆ. ಜರಿ ಕೂಡ ಎಳೆಯ ಚರ್ಮಕ್ಕೆ ಚುಚ್ಚುತ್ತದೆ.

ನಂತರದ್ದು ಕೌದಿ ಹೊಲಿಗೆ. ಅಸ್ತರವನ್ನು ನಾಲ್ಕೂ ಕಡೆ ಎರಡೆರಡು ಇಂಚು ದೊಡ್ಡದಾಗಿ ಕತ್ತರಿಸಿ, ಚಾಪೆಯ ಮೇಲೆ ಎಳೆದು ಹಾಸಿ, ಒಳಪದರ, ಮೇಲ್ಪದರ ಹಾಕಿ, ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿದೆ. ನಾನು ನಡುವಿನಿಂದ ಶುರುಮಾಡಿ ಸುಕ್ಕನ್ನು ಹೊರಗೆ ತಳ್ಳುತ್ತಾ ಹೋದೆ. ಅಜ್ಜಿಗೆ ಇದು ಸರಿಬರಲಿಲ್ಲ, "ಮನೆ ಕಟ್ಟುವವರು ಗೋಡೆ ಬಿಟ್ಟು ಜಂತಿಯಿಂದ ಶುರುಮಾಡುತ್ತಾರೆಯೇ?" ಎಂದರು. ಅವರದು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಬರುವ ಪದ್ಧತಿ. ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರೂ ಕವಂದಿ ಎಂಬ ತಮ್ಮ ಕೌದಿಯನ್ನು ಹಾಗೆಯೇ ಹೊಲಿಯುತ್ತಾರೆ. ಚೌಕಗಳನ್ನು ಮೊದಲೇ ಜೋಡಿಸಿಕೊಳ್ಳದೆ, ತುಂಡು ತುಂಡನ್ನೇ ಇಡುತ್ತಾ, ಅದೇ ಹೊಲಿಗೆಯಲ್ಲಿ ಪದರಗಳನ್ನೂ ಹಿಡಿಯುತ್ತಾ ಹೋಗಿ ನಡುವಿನಲ್ಲಿ ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಕ್ಕೋನ ಹಚ್ಚುತ್ತಾರೆ, ಅದಕ್ಕೆ ಫುಲ ಎನ್ನುತ್ತಾರೆ. ಆ ಕೈಚಳಕ ನನಗಿಲ್ಲ, ಆದರೆ ಮೂಲೆಗಳನ್ನು ಅವರಿಂದ ಕಡ ತಂದೆ.

ಅಜ್ಜಿಯ ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಿನ ಅಂತರ. ನಾನು ಎರಡು ಬೆರಳು ಬಿಟ್ಟೆ, ಕಾಲಾವಕಾಶ ಇರಲಿಲ್ಲ. ಪ್ರಾಣಿಗಳ ಮೈಮೇಲೆ ಸೂಜಿ ಓಡಿಸದೆ, ನೀರಿನಲ್ಲಿ ಕಲ್ಲು ಬಿದ್ದಾಗ ಏಳುವ ಅಲೆಗಳಂತೆ ಸುತ್ತಲೂ ಸಾಲು ಹಾಕಿದೆ. ದಾರವನ್ನು ಮೊಣಕೈ ಉದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, ಸೋಮಾರಿತನದಿಂದ ಮಾರುದ್ದ ಪೋಣಿಸಿದ್ದಕ್ಕೆ ಗಂಟು ಬಿಡಿಸುವುದರಲ್ಲೇ ಒಂದು ಸಂಜೆ ಹೋಯಿತು. ಗಂಟನ್ನು ಮೇಲಿನ ಬಟ್ಟೆಯೊಳಗೆ ಮೆಲ್ಲಗೆ ಎಳೆದು ಪದರದ ನಡುವೆ ಅಡಗಿಸಿದರೆ ಎರಡೂ ಕಡೆ ಕಾಣುವುದಿಲ್ಲ. ನನ್ನ ಹೊಲಿಗೆಗಳು ಮೊದಲ ಚೌಕದಲ್ಲಿ ಅಕ್ಕಿಕಾಳಿನಷ್ಟು, ಐದನೆಯದರಲ್ಲಿ ಕಡಲೆಯಷ್ಟು, ಯುಗಾದಿ ಹತ್ತಿರ ಬಂದಾಗ ಹುಣಸೆಬೀಜದಷ್ಟು. ನೋಡಿದರೆ ಯಾವ ದಿನ ಯಾವುದನ್ನು ಹೊಲಿದೆ ಎಂದು ಹೇಳಬಹುದು.

ಕೊನೆಯ ಮೂಲೆ ಮುಚ್ಚುವ ಮೊದಲು ಅಜ್ಜಿ ಹೋಳಿಗೆಯ ಚೂರೊಂದನ್ನು ತಂದರು. ಹೊಟ್ಟೆಗೆ ಹಾಕದೆ ಬಾಯಿ ಹೊಲಿದರೆ ಕೌದಿ ಹಸಿದುಕೊಂಡೇ ಇರುತ್ತದೆ ಎಂಬುದು ಅವರ ಮಾತು. ನನಗೆ ಇರುವೆಯ ಭಯ. ಉಗುರಿನಷ್ಟು ಚೂರು ಇಡಲು ಒಪ್ಪಿಕೊಂಡೆ. ಉಳಿದ ಹೋಳಿಗೆಯನ್ನು ನಾವಿಬ್ಬರೂ ತಿಂದೆವು.

ಮಕ್ಕಳ ವೈದ್ಯರು ಒಂದು ವರ್ಷದವರೆಗೆ ಮಲಗಿದ ಕೂಸಿಗೆ ಸಡಿಲ ಹೊದಿಕೆ ಬೇಡ ಎನ್ನುತ್ತಾರೆ, ಹಾಗಾಗಿ ಈಗ ಇದು ನೆಲದ ಕೌದಿ. ಎಚ್ಚರವಿದ್ದಾಗ, ಯಾರಾದರೂ ಪಕ್ಕದಲ್ಲಿ ಕೂತಿದ್ದಾಗ, ಅದರ ಮೇಲೆ ಬೋರಲು ಹಾಕುತ್ತಾರೆ. ಇಲ್ಲಿಯವರೆಗೆ ನಾಲ್ಕು ಸಲ ತಣ್ಣೀರಿನಲ್ಲಿ ಕೈಯಲ್ಲೇ ಒಗೆದಿದ್ದಾರೆ. ಮೊಲ ಮೂಲೆಯಲ್ಲಿ ತುಸು ಗುಲಾಬಿಯಾಗಿದೆ: ಆನೆಯ ಕಿವಿಯ ಕೆಂಪು ಖಣವನ್ನು ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯಬೇಕಿತ್ತು, ನಾನು ಒಂದೇ ಸಲ ಅದ್ದಿ ತೆಗೆದಿದ್ದೆ. ಅಳಿಲಿನ ಉಣ್ಣೆ ಕುಗ್ಗಿ ಸುತ್ತಲಿನ ಬಟ್ಟೆ ನೆರಿಗೆಯಾಗಿದೆ. ಕರುವಿನ ಬೆನ್ನಿನಿಂದ ಎರಡು ದಾರ ಎದ್ದಿವೆ, ಎಳೆಯದೆ ಕತ್ತರಿಸಲು ತಮ್ಮನ ಹೆಂಡತಿಗೆ ಹೇಳಿದ್ದೇನೆ. ಕಿವಿ ಮಾತ್ರ ಗಟ್ಟಿಯಾಗಿದೆ. ಕೂಸು ದಿನವೂ ಅದನ್ನೇ ಎಳೆಯುತ್ತದಂತೆ, ಮುಂದಿನ ವಾರ ಹೋದಾಗ ಬುಡಕ್ಕೆ ಇನ್ನೊಂದು ಸಾಲು ಹಾಕಿ ಬರಬೇಕು.