ಬಡ್ತಿ ಪಡೆದ ತಂಡಗಳ ಲೆಕ್ಕ: ಬಿಸ್ಕತ್ತಿನ ಡಬ್ಬದಲ್ಲಿ ಗೆದ್ದ ನನ್ನ ಚೀಟಿ

ಇಂಗ್ಲೆಂಡಿನ ಫುಟ್ಬಾಲಿನ ಪ್ರೀಮಿಯರ್ ಲೀಗಿಗೆ ಕೆಳಗಿನ ಲೀಗಿನಿಂದ ಹತ್ತಿ ಬಂದ ಮೂರು ತಂಡಗಳು ವರ್ಷಾಂತ್ಯಕ್ಕೆ ಎಷ್ಟು ಅಂಕದಲ್ಲಿ ನಿಂತಿರುತ್ತವೆ ಎಂದು ಆಗಸ್ಟಿನಲ್ಲೇ ಹೇಳಬಹುದು ಎಂದಾಗ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನಗದವರಿರಲಿಲ್ಲ. ಈ ಸಲ ನನ್ನ ಚೀಟಿಯಲ್ಲಿದ್ದದ್ದು ಸಂಡರ್‌ಲ್ಯಾಂಡ್ 25, ಲೀಡ್ಸ್ 20, ಬರ್ನ್ಲಿ 13. 2025ರ ಡಿಸೆಂಬರ್ 31ರ ಪಟ್ಟಿಯಲ್ಲಿದ್ದದ್ದು 28, 20, 12. ಮೂರೂ ಸೇರಿ ನಾಲ್ಕೇ ಅಂಕದ ವ್ಯತ್ಯಾಸ. ನನ್ನ ನಂತರ ಬಂದವರ ವ್ಯತ್ಯಾಸ ಹದಿನೈದರ ಆಚೆ ಇತ್ತು. ಇಷ್ಟು ಹೇಳಿಕೊಳ್ಳಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ನಮ್ಮ ಸ್ಪರ್ಧೆಯ ನಿಯಮ ಗೊತ್ತಿರುವವರಿಗೆ ಗೊತ್ತು. ಲೀಗಿನ ಮೊದಲ ಪಂದ್ಯಕ್ಕೆ ಮುಂಚೆ ತಲಾ ಇನ್ನೂರು ರೂಪಾಯಿ ಕಟ್ಟಿ, ಚೀಟಿಯಲ್ಲಿ ಮೂರು ಸಂಖ್ಯೆ ಬರೆದು, ನನ್ನ ಮೊಬೈಲ್ ರಿಪೇರಿ ಅಂಗಡಿಯ ಕಪಾಟಿನಲ್ಲಿರುವ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಆಮೇಲೆ ಡಬ್ಬಕ್ಕೆ ಟೇಪು. ಅಂತಿಮ ಸ್ಥಾನಗಳಿಗೆ ಬಾಜಿ ಕಟ್ಟಿದರೆ ಮೇ ತಿಂಗಳ ತನಕ ಕಾಯಬೇಕು, ಅಷ್ಟರಲ್ಲಿ ಅರ್ಧ ಜನ ಗಲ್ಫಿಗೆ ಮರಳಿರುತ್ತಾರೆ. ಅದಕ್ಕೇ ಈ ಅರ್ಧವಾರ್ಷಿಕ ಲೆಕ್ಕ.

ಹಿಂದಿನ ಎರಡು ವರ್ಷ ಈ ಹಣ ಹೋದದ್ದು ನಿವೃತ್ತ ಮಾಸ್ತರರೊಬ್ಬರ ಕಿಸೆಗೆ. ಅವರ ವಿಧಾನ ಬಹಳ ಸರಳ: ಮೂರೂ ತಂಡಗಳಿಗೆ ಹತ್ತು, ಹತ್ತು, ಹತ್ತು. ಪಂದ್ಯ ನೋಡುವ ಗೋಜೂ ಇಲ್ಲ. 2023-24ರಲ್ಲಿ ಬರ್ನ್ಲಿ, ಲೂಟನ್, ಶೆಫೀಲ್ಡ್ ಯುನೈಟೆಡ್ ಮೂರೂ ಬಂದ ದಾರಿಯಲ್ಲೇ ಕೆಳಗಿಳಿದವು; ಶೆಫೀಲ್ಡ್ ಆ ಋತುವಿನಲ್ಲಿ ತಿಂದ ಗೋಲುಗಳು 104. ಮರುವರ್ಷ ಲೆಸ್ಟರ್, ಇಪ್ಸ್ವಿಚ್, ಸೌತಾಂಪ್ಟನ್ ಕಥೆಯೂ ಅದೇ. ಸೌತಾಂಪ್ಟನ್ ಇನ್ನೂ ಏಳು ಪಂದ್ಯಗಳು ಉಳಿದಿರುವಾಗಲೇ ಇಳಿದುಹೋಯಿತು, ಕೊನೆಗೆ 12 ಅಂಕ. ಹಾಗಿರುವಾಗ ಹತ್ತು ಎಂದು ಬರೆದವರೇ ಜಾಣರು. “ನಿನ್ನ ಪುಸ್ತಕಕ್ಕೆ ಗೆದ್ದಲು ಹಿಡಿಯಲಿ, ನನ್ನ ಹತ್ತಕ್ಕೆ ಹಿಡಿಯುವುದಿಲ್ಲ” ಎಂದು ಮಾಸ್ತರರು ನನ್ನ ಲೆಕ್ಕದ ಪುಸ್ತಕದ ಬಗ್ಗೆ ಎಲ್ಲರೆದುರು ಹೇಳಿದ್ದು ನನಗೆ ಚೆನ್ನಾಗಿಯೇ ತಾಗಿತ್ತು.

ನಾನು ಮೊದಲು ಹಿಡಿದ ದಾರಿ ಎಲ್ಲರೂ ಹಿಡಿಯುವುದೇ, ಕೆಳಗಿನ ಲೀಗಿನ ಅಂಕ. ಬರ್ನ್ಲಿ 2022-23ರಲ್ಲಿ ತರಬೇತುದಾರ ವಿನ್ಸೆಂಟ್ ಕೊಂಪನಿಯ ಕೈಯಲ್ಲಿ 101 ಅಂಕ ಗಳಿಸಿ ಬಂದಿತ್ತು. ಮೇಲೆ ಬಂದು ಇಡೀ ಋತುವಿಗೆ ಗಳಿಸಿದ್ದು 24. ಲೆಸ್ಟರ್ 97 ಅಂಕದೊಂದಿಗೆ ಹತ್ತಿ 25ರಲ್ಲಿ ನಿಂತಿತು. ಕೆಳಗೆ ನೂರು ತೆಗೆದವನು ಮೇಲೆ ಇಪ್ಪತ್ತೈದು ತೆಗೆಯುತ್ತಾನೆಂದರೆ ಆ ನೂರನ್ನು ಇಟ್ಟುಕೊಂಡು ಏನು ಮಾಡುವುದು?

ಆಮೇಲೆ ಹಣದ ಲೆಕ್ಕ ಹಿಡಿದೆ. ಯಾರು ಎಷ್ಟು ಖರ್ಚು ಮಾಡಿದರು ಎಂಬುದು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 2022ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ತಂದಾಗ ಎಲ್ಲರೂ ನಕ್ಕರು, ಅದು 38 ಅಂಕದೊಂದಿಗೆ ಉಳಿಯಿತು. ಸರಿ, ದುಡ್ಡು ಸುರಿದರೆ ಉಳಿಯುತ್ತಾರೆ ಎಂದುಕೊಂಡರೆ ಇಪ್ಸ್ವಿಚ್ ಹತ್ತು ಕೋಟಿ ಪೌಂಡಿಗೂ ಮಿಕ್ಕಿ ಸುರಿದು 22 ಅಂಕದೊಂದಿಗೆ ಇಳಿಯಿತು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಈ ನಡುವೆ ನನ್ನ ದುಡ್ಡೂ ಹೋಯಿತು. ಅಂಕಿಅಂಶ ಕೊಡುವ ಒಂದು ಜಾಲತಾಣಕ್ಕೆ ವರ್ಷಕ್ಕೆ ಮೂರೂವರೆ ಸಾವಿರದಷ್ಟು ಚಂದಾ. ‘ಒಳಗಿನ ಸುದ್ದಿ’ ಕೊಡುತ್ತೇವೆ ಎಂದ ಟೆಲಿಗ್ರಾಂ ಗುಂಪೊಂದಕ್ಕೆ ಸಾವಿರದೈನೂರು. ಎರಡು ವಾರದಲ್ಲಿ ಗುಂಪೇ ಕಾಣೆ. ಸೋತಾಗ ಕೊಡಿಸಿದ ಪರೋಟ, ಚಹಾ ಎಲ್ಲ ಸೇರಿಸಿದರೆ ಹನ್ನೆರಡು ಸಾವಿರ ಹೋಗಿರಬಹುದು. ಈ ಸಲ ಬಂದದ್ದು ನಾಲ್ಕು ಸಾವಿರದ ಚಿಲ್ಲರೆ. ಲಾಭ ಎಲ್ಲಿದೆ ಎಂದು ಮನೆಯಲ್ಲಿ ಕೇಳಿದರು. ಇದು ಅಡಿಕೆ ವ್ಯಾಪಾರವಲ್ಲ ಎಂದೆ.

ಈಗ ವಿಧಾನ. ಅಪ್ಪನ ಕಾಲದ, ಅಡಿಕೆ ಲೆಕ್ಕದ ಉದ್ದನೆಯ ಪುಸ್ತಕದಲ್ಲಿ ಮಿಕ್ಕ ಹಾಳೆಗಳಿದ್ದವು. ಪ್ರತಿ ತಂಡಕ್ಕೆ ಒಂದು ಹಾಳೆ, ಮೊದಲ ಹದಿನೆಂಟು ಪಂದ್ಯಗಳಿಗೆ ಒಂದೊಂದು ಸಾಲು. ಹಿಂದಿನ ಋತುವಿನಲ್ಲಿ ಕೆಳಗಿನ ಹತ್ತರಲ್ಲಿದ್ದ ತಂಡದ ಜೊತೆ ಸ್ವಂತ ಮೈದಾನದಲ್ಲಿ ಆಡಿದರೆ ಒಂದೂವರೆ ಅಂಕ, ಹೊರಗೆ ಮುಕ್ಕಾಲು. ಮೇಲಿನ ಹತ್ತರ ಜೊತೆ ಸ್ವಂತ ಮೈದಾನದಲ್ಲಿ ಮುಕ್ಕಾಲಿಗೆ ತುಸು ಹೆಚ್ಚು, ಹೊರಗೆ ಅರ್ಧಕ್ಕಿಂತ ಕಡಿಮೆ. ಕೂಡಿಸಿದರೆ ಯಾವ ತಂಡಕ್ಕಾದರೂ ಹದಿನಾರರ ಆಸುಪಾಸಿಗೆ ಬರುತ್ತದೆ. ಇದು ಬುಡ. ಇದರ ಮೇಲೆ ಎಷ್ಟು ಕೂಡಿಸುವುದು, ಎಷ್ಟು ಕಳೆಯುವುದು ಎಂಬುದರಲ್ಲೇ ಕಸುಬು ಇರುವುದು.

ಮೊದಲ ಕಾಲಂ: ಕೆಳಗೆ ಆಡಿದವರಲ್ಲಿ ಉಳಿದವರು ಯಾರು, ಹೋದವರು ಯಾರು. ನೀಲಿ ಶಾಯಿಯಲ್ಲಿ ಉಳಿದವರು, ಕೆಂಪಿನಲ್ಲಿ ಹೋದವರು. ಬರ್ನ್ಲಿ 2024-25ರಲ್ಲಿ 46 ಪಂದ್ಯಗಳಲ್ಲಿ ತಿಂದದ್ದು 16 ಗೋಲು. ಇದನ್ನೇ ಹಿಡಿದುಕೊಂಡು ನಮ್ಮ ಪೇಟೆಯ ಅರ್ಧಕ್ಕರ್ಧ ಜನ ಬರ್ನ್ಲಿಗೆ ಇಪ್ಪತ್ತರ ಮೇಲೆ ಬರೆದರು. ಆ ಗೋಡೆಯ ಹಿಂದೆ ನಿಂತಿದ್ದ ಗೋಲಿ, ಅಂದರೆ ಗೋಲ್‌ಕೀಪರ್, ಜೇಮ್ಸ್ ಟ್ರಾಫರ್ಡ್ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋಗಿದ್ದ. ನಡು ರಕ್ಷಣೆಯ ಈಗನ್-ರೈಲಿ ಮಾರ್ಸೇಗೆ ಹೋಗಿದ್ದ. ಗೋಲಿ ಹೋದ ಮೇಲೆ 16ರ ದಾಖಲೆ ಯಾರದ್ದು? ಬುಡದಿಂದ ಮೂರು ಕಳೆದೆ.

ಎರಡನೆಯ ಕಾಲಂ: ಹೊಸಬರಲ್ಲಿ ದೊಡ್ಡ ಲೀಗುಗಳಲ್ಲಿ ನೂರಾರು ಪಂದ್ಯ ಆಡಿದವರು ಎಷ್ಟು, ಅವರು ಮೈದಾನದ ಯಾವ ಜಾಗದಲ್ಲಿ ನಿಲ್ಲುತ್ತಾರೆ. ರೆಕ್ಕೆಯಲ್ಲಿ ಓಡುವವನು ಎಷ್ಟೇ ಅನುಭವಿಯಾದರೂ ನನ್ನ ಲೆಕ್ಕದಲ್ಲಿ ಅರ್ಧ. ನಡುವಿನಲ್ಲಿ ನಿಂತು ಬೈದು ಆಡಿಸುವವನು ಎರಡು. ಸಂಡರ್‌ಲ್ಯಾಂಡ್ ಕೆಳಗಿನ ಲೀಗಿನಲ್ಲಿ ನಾಲ್ಕನೆಯದು, 76 ಅಂಕ, ಬಡ್ತಿಯ ಕೊನೆಯ ಜಾಗಕ್ಕೆ ನಡೆಯುವ ಪ್ಲೇಆಫ್ ಫೈನಲಿನಲ್ಲಿ ಟಾಮ್ ವಾಟ್ಸನ್ ಕೊನೆ ಗಳಿಗೆಯಲ್ಲಿ ಹೊಡೆದ ಗೋಲಿನಿಂದ ಮೇಲೆ ಬಂದದ್ದು. ಲೀಡ್ಸ್, ಬರ್ನ್ಲಿ ಎರಡೂ ತಲಾ 100 ಅಂಕದವು. ಹಾಗಾಗಿ ಸಂಡರ್‌ಲ್ಯಾಂಡಿಗೆ ಎಲ್ಲರೂ ಎಂಟು, ಒಂಬತ್ತು ಎಂದು ಬರೆದರು. ನಾನು ನೋಡಿದ್ದು ಗ್ರಾನಿಟ್ ಝಾಕಾನನ್ನು. ಸ್ವಿಸ್ ನಾಯಕ, ಆರ್ಸೆನಲಿನಲ್ಲಿ ಏಳು ವರ್ಷ ಉಂಡವನು, 2023-24ರಲ್ಲಿ ಜರ್ಮನಿಯ ಲೀಗಿನಲ್ಲಿ ಒಂದೂ ಪಂದ್ಯ ಸೋಲದೆ ಕಪ್ ಎತ್ತಿದ ಲೆವರ್ಕುಸೆನಿನ ನಡುಗಂಬ. ಅವನ ಪಕ್ಕದಲ್ಲಿ ಓಡಲು ಸದಿಕಿ, ಎಡ ಬದಿಗೆ ಅಟ್ಲೆಟಿಕೋದಿಂದ ಬಂದ ರೈನಿಲ್ಡೋ, ಗೋಲಿಗೆ ನೆದರ್‌ಲ್ಯಾಂಡ್ಸಿನ ರೂಫ್ಸ್. ಹದಿನಾರಕ್ಕೆ ಒಂಬತ್ತು ಕೂಡಿಸಿದೆ. ಬರೆಯುವಾಗ ಕೈ ಸ್ವಲ್ಪ ನಡುಗಿತು, ಸುಳ್ಳೇಕೆ.

ಮೂರನೆಯದು ಕಾರ್ನರ್, ಫ್ರೀಕಿಕ್, ಉದ್ದ ಥ್ರೋಗಳ ಲೆಕ್ಕ: ಯಾರು ಎತ್ತರ, ಯಾರು ಎಸೆಯುತ್ತಾರೆ, ಯಾರು ತಡೆಯುತ್ತಾರೆ. ಲೀಡ್ಸಿಗೆ ನಾಲ್ಕು ಕೂಡಿಸಿದ್ದು ಬಹುಪಾಲು ಇದರಿಂದ, ಆ ಬೇಸಿಗೆಯಲ್ಲಿ ಅವರು ತಂದವರಲ್ಲಿ ಹೆಚ್ಚಿನವರು ತೆಂಗಿನ ಮರದಂಥವರು. ನಾಲ್ಕನೆಯ ಕಾಲಂ ಒಂದಿದೆ. ಅದರ ವಿಚಾರ ಮುಂದಿನ ಆಗಸ್ಟ್ ಕಳೆದ ಮೇಲೂ ಹೇಳುವ ಅಂದಾಜಿಲ್ಲ. ರೆಫರಿಗೂ ಅದಕ್ಕೂ ಸಂಬಂಧವಿಲ್ಲ ಎಂದಷ್ಟೇ ಹೇಳಬಲ್ಲೆ, ಏಕೆಂದರೆ ಪೇಟೆಯಲ್ಲಿ ಹಾಗೊಂದು ಸುದ್ದಿ ಹಬ್ಬಿದೆ.

ಆಗಸ್ಟ್ 23ರಂದು ಬರ್ನ್ಲಿ ಸಂಡರ್‌ಲ್ಯಾಂಡನ್ನು 2-0ಯಿಂದ ಸೋಲಿಸಿತು. ಅಂಗಡಿಯ ಜಗಲಿಯಲ್ಲಿ ಆ ಸಂಜೆ ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮೊದಲ ವಾರ ಸಂಡರ್‌ಲ್ಯಾಂಡ್ ವೆಸ್ಟ್ ಹ್ಯಾಮಿಗೆ 3-0 ಹಾಕಿದ್ದನ್ನು ಎಲ್ಲರೂ ಒಂದೇ ವಾರದಲ್ಲಿ ಮರೆತಿದ್ದರು. ದುಬಾಯಿಯಿಂದ ಮರಳಿ ಇಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿರುವ ಇಚ್ಚ, ಎಂದರೆ ಅಣ್ಣ, ಒಬ್ಬರು, “ನಿನ್ನ ಚೀಟಿಯನ್ನು ನನಗೆ ಮಾರುತ್ತೀಯಾ? ಐವತ್ತು ರೂಪಾಯಿ ಕೊಡುತ್ತೇನೆ” ಎಂದರು. ಅಕ್ಟೋಬರ್ 25ರ ರಾತ್ರಿ ಚೆಲ್ಸಿಯ ಅಂಗಳದಲ್ಲೇ ಕೊನೆಯ ಹೆಚ್ಚುವರಿ ನಿಮಿಷಗಳಲ್ಲಿ ಸಂಡರ್‌ಲ್ಯಾಂಡಿನ ತಲ್ಬಿ ಗೋಲು ಹೊಡೆದು 2-1 ಆದಾಗ ಅದೇ ಇಚ್ಚ ನನ್ನ ಹೆಗಲು ಹಿಡಿದು ಅಲ್ಲಾಡಿಸಿದರು. ಅವರು ಆರ್ಸೆನಲ್ ಅಭಿಮಾನಿ, ಚೆಲ್ಸಿ ಸೋತರೆ ಸಾಕು. ನವೆಂಬರಿನಲ್ಲಿ ಅದೇ ಸಂಡರ್‌ಲ್ಯಾಂಡ್ ಕೊನೆ ಗಳಿಗೆಯಲ್ಲಿ ಆರ್ಸೆನಲನ್ನೂ 2-2ರಲ್ಲಿ ಹಿಡಿದಾಗ ಇಚ್ಚ ಒಂದು ವಾರ ಅಂಗಡಿಯ ಕಡೆಗೆ ಬರಲಿಲ್ಲ.

ಡಿಸೆಂಬರಿನಲ್ಲಿ ಆಫ್ರಿಕಾ ಕಪ್ಪಿಗೆಂದು ಸಂಡರ್‌ಲ್ಯಾಂಡಿನ ಐದಾರು ಆಟಗಾರರು ಮೊರಾಕ್ಕೊಗೆ ಹೊರಟರು. ನನ್ನ 25ರಲ್ಲಿ ಇದನ್ನು ಮೊದಲೇ ಕಳೆದಿದ್ದೆ. ಕಳೆಯದಿದ್ದರೆ 27 ಬರೆಯುತ್ತಿದ್ದೆ, ಇನ್ನೂ ಹತ್ತಿರ ಹೋಗುತ್ತಿದ್ದೆ. ಲೀಡ್ಸ್ ವಿಷಯದಲ್ಲಿ ಅದೃಷ್ಟವೂ ಇತ್ತು. ನವೆಂಬರ್ ಕೊನೆಯಲ್ಲಿ ಸಿಟಿಯ ಎದುರು ಅರ್ಧ ವಿರಾಮಕ್ಕೆ ಎರಡು ಗೋಲು ಹಿಂದಿದ್ದಾಗ ತರಬೇತುದಾರ ಫಾರ್ಕೆ ಹಿಂದೆ ಮೂವರನ್ನು ನಿಲ್ಲಿಸಿ ಮುಂದೆ ಇಬ್ಬರನ್ನು ಬಿಟ್ಟ. ಆ ಪಂದ್ಯ 3-2ರಿಂದ ಸೋತರೂ ಲೀಡ್ಸಿನ ಮುಂಪಡೆಯ ಕ್ಯಾಲ್ವರ್ಟ್-ಲ್ಯೂಯಿನ್ ಅಲ್ಲಿಂದ ಸತತ ಆರು ಪಂದ್ಯಗಳಲ್ಲಿ ಗೋಲು ಹೊಡೆದ. ಆರನೆಯದು ಡಿಸೆಂಬರ್ 28ರಂದು, ಸಂಡರ್‌ಲ್ಯಾಂಡಿನ ಎದುರೇ. ಲೀಡ್ಸ್ ಗೆದ್ದರೆ ನನ್ನ ಇಪ್ಪತ್ತು ಕೆಡುತ್ತಿತ್ತು, ಸಂಡರ್‌ಲ್ಯಾಂಡ್ ಗೆದ್ದರೆ ಇಪ್ಪತ್ತೈದು ಇನ್ನೂ ದೂರವಾಗುತ್ತಿತ್ತು. 1-1. ಸಮಬಲಕ್ಕಾಗಿ ಅಷ್ಟು ಬೇಡಿಕೊಂಡದ್ದು ಆ ಪೇಟೆಯಲ್ಲಿ ನಾನೊಬ್ಬನೇ.

ಇದೇ ಲೆಕ್ಕವನ್ನು ಬೇರೆ ಕಡೆ ಹಚ್ಚಿ ನೋಡಿದ್ದೂ ಉಂಟು. ನಮ್ಮ ಜಿಲ್ಲೆಯ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ, ಪಂದ್ಯಾಟಗಳಿಗೆ ಹಚ್ಚಿದರೆ ತಲೆ ಕೆಡುತ್ತದೆ. ನಿನ್ನೆ ಈ ತಂಡದಲ್ಲಿ ಆಡಿದ ಅತಿಥಿ ಆಟಗಾರ ಇವತ್ತು ಎದುರಿನ ತಂಡದಲ್ಲಿರುತ್ತಾನೆ, ಹೆಸರೂ ಬದಲಾಗಿರುತ್ತದೆ. ತೃಕ್ಕರಿಪುರದಂಥ ಕಡೆ, ಅಂದರೆ ಮುಹಮ್ಮದ್ ರಾಫಿಯಂಥ ಆಟಗಾರನನ್ನು ಕೊಟ್ಟ ಊರಿನಲ್ಲಿ, ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕುಳಿತ ಹುಡುಗನ ಊಹೆಯೂ ನನ್ನ ಪುಸ್ತಕಕ್ಕಿಂತ ವಾಸಿ. ಭಾರತದ ಇಂಡಿಯನ್ ಸೂಪರ್ ಲೀಗ್, ಐಎಸ್‌ಎಲ್ ಕೂಡ ನೋಡಿದೆ. ಅದರ ಕೆಳಗಿನ ಐ-ಲೀಗ್ ಗೆದ್ದು 2023ರಲ್ಲಿ ಬಂದ ಪಂಜಾಬ್ ಎಂಟನೆಯದಾಯಿತು, ಮರುವರ್ಷ ಬಂದ ಮೊಹಮ್ಮಡನ್ ಸ್ಪೋರ್ಟಿಂಗ್ ಕಟ್ಟಕಡೆಗೆ ಬಿತ್ತು. ಆಗ ಕೆಳಗಿಳಿಯುವ ಭಯವೇ ಇಲ್ಲದಿದ್ದ ಆ ಲೀಗಿನಲ್ಲಿ ಬಡ್ತಿಯ ಲೆಕ್ಕಕ್ಕೆ ಹಿಡಿ ಸಿಗಲಿಲ್ಲ. ಆ ಎರಡು ಹಾಳೆಗಳನ್ನು ಹರಿದೆ.

ಈಗ ಕೈಯಲ್ಲಿರುವುದು 2026ರ ವಿಶ್ವಕಪ್. ಮೂರೇ ಪಂದ್ಯಗಳ ಗುಂಪಿಗೆ ಹದಿನೆಂಟು ಸಾಲಿನ ಹಾಳೆ ಆಗುವುದಿಲ್ಲ, ಅದು ಬೇರೆಯೇ ಆಟ. ಬ್ರೆಜಿಲ್, ಅರ್ಜೆಂಟೀನಾ ಫ್ಲೆಕ್ಸ್ ಕಟ್ಟುವವರ ಜೊತೆ ವಾದಕ್ಕಿಳಿದು ಪ್ರಯೋಜನವೂ ಇಲ್ಲ. ನನಗೆ ಬೇಕಾದದ್ದು ಸಣ್ಣ ತಂಡಗಳು. 48 ತಂಡ, 12 ಗುಂಪು, ಮೂರನೆಯ ಸ್ಥಾನದ 12ರಲ್ಲಿ 8 ಮುಂದಕ್ಕೆ. ಮೂರರಲ್ಲಿ ಎರಡು ಪಾಲು. 2016ರಿಂದ ಯೂರೋ ಕಪ್ಪಿನಲ್ಲೂ ಇದೇ ಪಾಲು, ಆರರಲ್ಲಿ ನಾಲ್ಕು. ಆದ್ದರಿಂದ ಮೂರು ಯೂರೋಗಳ ಮೂರನೆಯ ಸ್ಥಾನದವರನ್ನು ಒಂದೇ ಹಾಳೆಯಲ್ಲಿ ಬರೆದೆ. ನಾಲ್ಕು ಅಂಕ ಇದ್ದವರು ಎಲ್ಲರೂ ದಾಟಿದ್ದಾರೆ. ಮೂರು ಅಂಕ ಇದ್ದವರ ಕಥೆ ಗೋಲುಗಳ ವ್ಯತ್ಯಾಸದಲ್ಲಿದೆ: 2016ರಲ್ಲಿ ಸೊನ್ನೆ ಇದ್ದ ಪೋರ್ಚುಗಲ್ ಮೂರೂ ಪಂದ್ಯ ಸಮ ಮಾಡಿಕೊಂಡು ದಾಟಿ ಕೊನೆಗೆ ಕಪ್ಪನ್ನೇ ಎತ್ತಿತು, ಮೈನಸ್ ಎರಡು ಇದ್ದ ಟರ್ಕಿ, ಅಲ್ಬೇನಿಯಾ ಮನೆಗೆ. 2021ರಲ್ಲಿ ನಡೆದ ಕಪ್ಪಿನಲ್ಲಿ ಮೈನಸ್ ಒಂದರ ಉಕ್ರೇನ್ ಒಳಗೆ, ಮೈನಸ್ ಎರಡರ ಫಿನ್ಲೆಂಡ್ ಹೊರಗೆ. 2024ರಲ್ಲಿ ಸೊನ್ನೆಯ ಸ್ಲೊವೇನಿಯಾ ಒಳಗೆ, ಮೈನಸ್ ಮೂರರ ಹಂಗೇರಿ ಹೊರಗೆ. ಒಂದು ಗೆಲುವು, ಎರಡು ಸೋಲು ಎಂದಾದರೂ ಎರಡನ್ನೂ ಒಂದೊಂದೇ ಗೋಲಿನಲ್ಲಿ ಸೋತವನಿಗೆ ಬಾಗಿಲು ತೆರೆದಿರುತ್ತದೆ.

ಹಾಗಾಗಿ ಕುರಸಾವೊ ಜರ್ಮನಿಗೆ ಎಷ್ಟು ಗೋಲಿನಿಂದ ಸೋಲುತ್ತದೆ ಎಂಬುದೇ ನನಗೆ ಮುಖ್ಯ ಪ್ರಶ್ನೆ. ಆ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷ, ನಮ್ಮ ಜಿಲ್ಲೆಯ ಎಂಟನೆಯ ಒಂದು ಪಾಲು. ಅವರ ಗುಂಪಿನಲ್ಲಿ ಐವರಿ ಕೋಸ್ಟ್, ಈಕ್ವೆಡಾರ್ ಕೂಡ ಇವೆ, ಕುರಸಾವೊ ಮೇಲೆ ನಾನು ದುಡ್ಡು ಹಾಕುವುದಿಲ್ಲ. ಸ್ಪೇನ್, ಉರುಗ್ವೆ, ಸೌದಿ ಜೊತೆ ಬಿದ್ದಿರುವ ಕೇಪ್ ವರ್ಡಿ ಬೇರೆ ಮಾತು. ಸೌದಿಯನ್ನು ಬಡಿದು ಸ್ಪೇನಿಗೆ ಹೆಚ್ಚು ಕೊಡದಿದ್ದರೆ ಅವರು ದಾಟುತ್ತಾರೆ ಎಂದು ನಾನು ಈಗಲೇ ಹೇಳಿಯಾಗಿದೆ. 2022ರಲ್ಲಿ ಅರ್ಜೆಂಟೀನಾವನ್ನು ಕೆಡವಿದ ಸೌದಿಯನ್ನೇ ಎಂದು ಇಚ್ಚ ಹುಬ್ಬೇರಿಸಿದರು. ಆ ಗೆಲುವಿನ ನಂತರ ಪೋಲೆಂಡ್, ಮೆಕ್ಸಿಕೊ ಎರಡಕ್ಕೂ ಸೋತು ಗುಂಪಿನ ತಳದಲ್ಲಿ ನಿಂತದ್ದನ್ನು ನೆನಪಿಸಿದೆ.

ವಿಶ್ವಕಪ್ಪಿನ ಚೀಟಿಗೆ ಈ ಸಲ ಮುನ್ನೂರು ರೂಪಾಯಿ. ಜೂನ್ 11ರ ಸಂಜೆ ಅಂಗಡಿ ಮುಚ್ಚುವ ಮುಂಚೆ ಕೊಡಬೇಕು, ಏಕೆಂದರೆ ಮೊದಲ ಪಂದ್ಯ ನಮಗೆ ನಡುರಾತ್ರಿ ದಾಟಿದ ಮೇಲೆ. ಮಳೆಗಾಲದ ರಾತ್ರಿ, ಕರೆಂಟು ಹೋಗುವುದು ಖಂಡಿತ, ಇನ್ವರ್ಟರ್ ಇಚ್ಚನ ಅಂಗಡಿಯಿಂದ ಬರಲಿದೆ. ಮಾಸ್ತರರು ಹೊಸ ಸೂತ್ರ ಕಂಡುಹಿಡಿದಿದ್ದಾರಂತೆ, ಎಲ್ಲ ಸಣ್ಣ ತಂಡಗಳಿಗೂ ಒಂದು, ಒಂದು, ಒಂದು. ನಾಲ್ಕನೆಯ ಕಾಲಮ್ಮಿಗೆ ಐನೂರು ಕೊಡುತ್ತೇನೆ ಎಂದೂ ಹೇಳಿ ಕಳುಹಿಸಿದ್ದಾರೆ. ಸಾವಿರಕ್ಕೆ ಕಡಿಮೆ ಆಗುವುದಿಲ್ಲ ಎಂದಿದ್ದೇನೆ.