ವೇಪ್ ದ್ರವಕ್ಕೆ ಹೂವು, ಮೂಲಿಕೆಗಳ ಪರಿಮಳ

ಭಾರತದಲ್ಲಿ 2019ರ ಕಾಯ್ದೆಯು ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟಗಳನ್ನು ನಿಷೇಧಿಸಿರುವುದರಿಂದ, ವೇಪ್ ದ್ರವಕ್ಕೆ ಪರಿಮಳ ಬೆರೆಸುವ ಈ ವಿವರಣೆಯು ಬ್ರಿಟನ್ನಿನಂತಹ ಅವಕಾಶವಿರುವ ದೇಶಗಳಲ್ಲಿ ಈಗಾಗಲೇ ವೇಪ್ (ಇ-ಸಿಗರೇಟು) ಬಳಸುತ್ತಿರುವ ವಯಸ್ಕರಿಗೆ ಮಾತ್ರ ಸಂಬಂಧಿಸಿದ್ದು.

ಅತ್ತರು, ಸುಗಂಧ ತೈಲ ಮುಂತಾದ ಎಣ್ಣೆರೂಪದ ಯಾವುದನ್ನೂ ಬೆರೆಸಲೇಬಾರದು. ಎಣ್ಣೆಯ ಅಂಶ ಶ್ವಾಸಕೋಶವನ್ನು ಸೇರಿದರೆ ಲಿಪಾಯ್ಡ್ ನ್ಯುಮೋನಿಯಾ ಎಂಬ ಶ್ವಾಸಕೋಶದ ಉರಿಯೂತ ಉಂಟಾಗಬಹುದು. ಮನೆಯಲ್ಲೇ ತುಳಸಿಯನ್ನೋ ಗುಲಾಬಿ ದಳವನ್ನೋ ಗ್ಲಿಸರಿನ್‌ನಲ್ಲಿ ನೆನೆಸಿ ಬಸಿದುಕೊಳ್ಳುವ ಆಲೋಚನೆ ಸೊಗಸಾಗಿ ಕಂಡರೂ, ಅದರಲ್ಲಿ ಉಳಿಯುವ ಸಕ್ಕರೆ ಮತ್ತು ಸಸ್ಯಾಂಶಗಳು ದ್ರವವನ್ನು ಕಾಯಿಸಿ ಆವಿಯಾಗಿಸುವ ತಂತಿಸುರುಳಿಯ (ಕಾಯಿಲ್) ಮೇಲೆ ಕರಿಕಟ್ಟುತ್ತವೆ. ಆದ್ದರಿಂದ ವೇಪ್‌ಗೆಂದೇ ತಯಾರಾದ, ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕದಲ್ಲಿ ಕರಗಿಸಿದ ಸಾರವನ್ನೇ ಬಳಸಬೇಕು. ತಿನ್ನಲು ಯೋಗ್ಯವಾದುದೆಲ್ಲ ಉಸಿರಾಡಲು ಸುರಕ್ಷಿತವೆಂದು ಭಾವಿಸುವಂತಿಲ್ಲ.

ಹೂವಿನ ಸಾರಗಳು ಬಲು ತೀಕ್ಷ್ಣ. 30 ಮಿಲಿಲೀಟರ್ ದ್ರವಕ್ಕೆ ಶೇ. 0.5ರಂತೆ, ಅಂದರೆ 0.15 ಮಿಲಿಲೀಟರ್ ಗುಲಾಬಿ ಸಾರವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಆರಂಭಿಸುವುದು ಒಳಿತು. ಲ್ಯಾವೆಂಡರ್ ತುಸು ಹೆಚ್ಚಾದರೂ ಬಾಯಲ್ಲಿ ಸಾಬೂನು ಕರಗಿದಂತೆನಿಸುತ್ತದೆ. ಪುದೀನ ಹೂವಿನ ವಾಸನೆಯನ್ನು ನುಂಗಿಹಾಕುವುದರಿಂದ ಅದನ್ನು ಕೊನೆಯಲ್ಲಿ, ಹನಿಹನಿಯಾಗಿ ಸೇರಿಸಬೇಕು. ಸೀಸೆಯನ್ನು ಚೆನ್ನಾಗಿ ಕುಲುಕಿ, ದಿನಾಂಕ ಬರೆದ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದ ಕತ್ತಲೆಯ ಕಪಾಟಿನಲ್ಲಿ ಒಂದು ವಾರ ಇರಿಸಿದ ಬಳಿಕ ಮೇಲ್ಭಾಗದಲ್ಲಿ ಜಿಡ್ಡಿನ ಪದರ ಕಂಡುಬಂದರೆ, ಅಷ್ಟನ್ನೂ ತ್ಯಜಿಸತಕ್ಕದ್ದು.